ಮ್ಯಾಪ್ ಸಾಕೇ, ವೆಬ್‌ಸೈಟ್ ಬೇಕೇ? ದಾವಣಗೆರೆ, ದುರ್ಗದ ಸಣ್ಣ ವಕೀಲರ ಕಚೇರಿಗಳಿಗೆ ಒಂದು ಹೋಲಿಕೆ

ಹೋದ ತಿಂಗಳು ಚಳ್ಳಕೆರೆಯ ಕಿರಿಯ ವಕೀಲರೊಬ್ಬರು ಫೋನ್ ಮಾಡಿದ್ದರು. "ಸಾರ್, ಏಜೆನ್ಸಿಯವರೊಬ್ಬರು ಬಂದಿದ್ದಾರೆ. ತಿಂಗಳಿಗೆ ಎಂಟು ಸಾವಿರ ಕೊಟ್ರೆ ಗೂಗಲ್‌ನಲ್ಲಿ ಮೊದಲನೇ ಹೆಸರು ನಮ್ಮದೇ ಬರೋ ಹಾಗೆ ಮಾಡ್ತಾರಂತೆ. ಕೊಡ್ಲಾ?" ಅವರು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಪಡೆದು ಮೂರು ವರ್ಷ, ಸೀನಿಯರ್ ಕಚೇರಿಯಿಂದ ಹೊರಬಂದು ಸ್ವಂತ ಬೋರ್ಡು ಹಾಕಿ ಆರು ತಿಂಗಳು. ಬಾಡಿಗೆ ಕಟ್ಟುವುದೇ ಕಷ್ಟದಲ್ಲಿರುವಾಗ ಎಂಟು ಸಾವಿರ ಸಣ್ಣ ಮೊತ್ತವಲ್ಲ. ಬೇಡ ಅಂದೆ. "ಹಾಗಾದ್ರೆ ಏನ್ ಮಾಡ್ಲಿ?" ಎಂಬ ಅವರ ಮರುಪ್ರಶ್ನೆಗೆ ಮಾತ್ರ ಫೋನಿನಲ್ಲಿ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಅದು ಒಂದೆರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ದಾವಣಗೆರೆಯಲ್ಲಿ ಹದಿನಾರು ವರ್ಷ ವಕೀಲಿಕೆ ಮಾಡಿ, ಮ್ಯಾಪ್, ವೆಬ್‌ಸೈಟ್, ವಾಟ್ಸಾಪಿನಂಥ ದಾರಿಗಳಲ್ಲಿ ಹೆಚ್ಚಿನವನ್ನು ನಾನೇ ನಡೆದು ನೋಡಿದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆ ಕಕ್ಷಿದಾರರು ಬರುವ ಬಗೆ ನೋಡಿ. ಜಗಳೂರು ಕಡೆಯ ರೈತರಿಗೆ ಅಣ್ಣತಮ್ಮಂದಿರ ಪಾಲಿನ ಕೇಸು ಬಂತು ಎಂದುಕೊಳ್ಳಿ. ಅವರು ಗೂಗಲ್ ತೆರೆಯುವುದಿಲ್ಲ. ಅಳಿಯನನ್ನು ಕೇಳುತ್ತಾರೆ, ಮೆಕ್ಕೆಜೋಳ ಹಾಕುವ ಮಂಡಿಯ ಸಾಹುಕಾರರನ್ನು ಕೇಳುತ್ತಾರೆ, ಹಿಂದೆ ಕೋರ್ಟು ಹತ್ತಿ ಇಳಿದ ಊರಿನ ಹಿರಿಯರನ್ನು ಕೇಳುತ್ತಾರೆ. ಅಲ್ಲಿ ಒಂದು ಹೆಸರು ಸಿಗುತ್ತದೆ. ಆ ಹೆಸರನ್ನು ಮನೆಯಲ್ಲಿರುವ ಮಗನೋ ಮಗಳೋ ರಾತ್ರಿ ಊಟದ ನಂತರ ಫೋನಿನಲ್ಲಿ ಹಾಕಿ ನೋಡುತ್ತಾರೆ. ಕಚೇರಿ ಎಲ್ಲಿದೆ, ಎಷ್ಟು ಹೊತ್ತಿಗೆ ಸಿಗುತ್ತಾರೆ, ನಂಬರ್ ಏನು. ಆ ಹೊತ್ತಿನಲ್ಲಿ ಏನೂ ಸಿಗದಿದ್ದರೆ, ಅಥವಾ ಬಿಟ್ಟುಹೋದ ಹಳೇ ಕಚೇರಿಯ ವಿಳಾಸ ಸಿಕ್ಕರೆ, ಅವರು ಎರಡನೇ ಹೆಸರಿಗೆ ಹೋಗುತ್ತಾರೆ. ನಮ್ಮ ಮಟ್ಟಿಗೆ ಆನ್‌ಲೈನ್ ಕೆಲಸ ಅಂದರೆ ರಾತ್ರಿಯ ಆ ಐದು ನಿಮಿಷ. ಬಾಯಿಮಾತು ತಂದುಕೊಟ್ಟ ಹೆಸರನ್ನು ಗಟ್ಟಿಮಾಡುವುದು ಅದರ ಕೆಲಸ. ಯಾವ ದಾರಿಗೆ ಎಷ್ಟು ದುಡ್ಡು, ಎಷ್ಟು ಹೊತ್ತು ಎಂಬ ಲೆಕ್ಕವನ್ನೆಲ್ಲ ನಾನು ಇದರಿಂದಲೇ ಹಾಕುತ್ತೇನೆ.

ಗೆರೆ ಎಲ್ಲಿದೆ

ಅಂಗಡಿಯವರು, ಕೋಚಿಂಗ್ ಸೆಂಟರ್‌ನವರು ಮಾಡುವುದನ್ನೆಲ್ಲ ವಕೀಲರು ಮಾಡುವಂತಿಲ್ಲ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್ ಆಫ್ ಇಂಡಿಯಾ) ನಿಯಮಗಳಲ್ಲಿ 6ನೇ ಭಾಗ, 2ನೇ ಅಧ್ಯಾಯದ 36ನೇ ನಿಯಮವನ್ನು ಒಮ್ಮೆ ಮೂಲದಲ್ಲೇ ಓದಿ. ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಕೆಲಸ ಕೇಳಿಕೊಂಡು ಹೋಗಬಾರದು, ಜಾಹೀರಾತು ಕೊಡಬಾರದು, ಸುತ್ತೋಲೆ ಹಂಚಬಾರದು, ದಲ್ಲಾಳಿ ಇಡಬಾರದು, ನಡೆಸಿದ ಕೇಸಿನ ಸಂಬಂಧ ಪತ್ರಿಕೆಯಲ್ಲಿ ಫೋಟೊ ಹಾಕಿಸಿಕೊಳ್ಳಬಾರದು. ನಾಮಫಲಕ ಕೂಡ ಹದವಾದ ಅಳತೆಯಲ್ಲೇ ಇರಬೇಕು. ಸಂಘದ ಅಧ್ಯಕ್ಷನಾಗಿದ್ದೆ, ಇಂಥ ಕೇಸಿನಲ್ಲಿ ಪರಿಣತ ಎಂದೆಲ್ಲ ಅದರ ಮೇಲೆ ಬರೆಸುವಂತಿಲ್ಲ. ಮೀರಿದರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ಶಿಸ್ತುಕ್ರಮ. ಛೀಮಾರಿಯಿಂದ ಹಿಡಿದು ಸನ್ನದು ಅಮಾನತಾಗುವವರೆಗೆ, ವಕೀಲರ ಪಟ್ಟಿಯಿಂದ ಹೆಸರೇ ತೆಗೆದುಹಾಕುವವರೆಗೆ ಹೋಗಬಹುದು.

ಇದು ಹಳೇ ಕಾಲದ ಕಟ್ಟುಪಾಡು, ಈಗ ಯಾರು ಕೇಳ್ತಾರೆ ಎನ್ನುವವರಿದ್ದಾರೆ. 1970ರ ದಶಕದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ದಾಭೋಲ್ಕರ್ ಪ್ರಕರಣ ಮುಂಬೈಯದು. ಮ್ಯಾಜಿಸ್ಟ್ರೇಟ್ ಕೋರ್ಟಿನ ಬಾಗಿಲಲ್ಲಿ ನಿಂತು, ಬಂದ ಜನರ ಮೇಲೆ ಮುಗಿಬಿದ್ದು ಕೇಸು ಹಿಡಿಯುತ್ತಿದ್ದ ವಕೀಲರ ಮೇಲಿನ ದೂರು ಅದು. ಕೋರ್ಟಿನ ಬಾಗಿಲಿನ ಜಾಗದಲ್ಲಿ ಈಗ ಫೋನಿನ ಪರದೆ ಬಂದಿದೆ, ಅಷ್ಟೆ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆನ್‌ಲೈನ್ ಸೇವಾ ತಾಣಗಳಲ್ಲಿ ಹೆಸರು ಹಾಕಿಸಿ ಕೆಲಸ ಹಿಡಿಯುವ ವಕೀಲರ ಮೇಲೆ ಕ್ರಮ ಕೈಗೊಳ್ಳಲು ಸೂಚಿಸಿತು. ಅದೇ ತಿಂಗಳು ಭಾರತೀಯ ವಕೀಲರ ಪರಿಷತ್ತು ರಾಜ್ಯಗಳ ಪರಿಷತ್ತುಗಳಿಗೆ ಆ ಪ್ರಕಾರ ಸೂಚನೆ ಕಳಿಸಿತು. 2025ರ ಮಾರ್ಚಿನಲ್ಲಿ ಸಾಮಾಜಿಕ ಜಾಲತಾಣದ ಪ್ರಚಾರದ ವಿರುದ್ಧವೂ ಹೇಳಿಕೆ ಹೊರಡಿಸಿತು. ಆದ್ದರಿಂದ ಈ ಹೋಲಿಕೆಯಲ್ಲಿ "ಫಲ ಕೊಡುತ್ತದೆಯೇ" ಎನ್ನುವುದು ನನಗೆ ಎರಡನೇ ಪ್ರಶ್ನೆ. "ಸನ್ನದಿಗೆ ಸಂಚಕಾರ ಬರುತ್ತದೆಯೇ" ಎನ್ನುವುದು ಮೊದಲನೆಯದು.

ಮ್ಯಾಪ್: ಖರ್ಚಿಲ್ಲ, ಉಪಯೋಗ ಹೆಚ್ಚು

ಗೂಗಲ್ ಮ್ಯಾಪಿನಲ್ಲಿ ಕಚೇರಿಯ ಹೆಸರು ಸೇರಿಸಲು ಒಂದು ರೂಪಾಯಿಯೂ ಬೇಡ. ಬಿಸಿನೆಸ್ ಪ್ರೊಫೈಲ್ ತೆರೆದು, ಈ ಕಚೇರಿ ನಿಮ್ಮದೇ ಎಂದು ದೃಢಪಡಿಸಬೇಕು. ಹೆಚ್ಚಾಗಿ ಬೀದಿ, ಬೋರ್ಡು, ಒಳಗಿನ ಮೇಜು ಎಲ್ಲ ಕಾಣುವ ಹಾಗೆ ಫೋನಿನಲ್ಲೇ ಒಂದು ವಿಡಿಯೊ ಕೇಳುತ್ತಾರೆ. ಹುಡುಕಿದವರಿಗೆ ಯಾರ ಹೆಸರು ಮೊದಲು ತೋರಿಸಬೇಕು ಎಂಬುದಕ್ಕೆ ಗೂಗಲ್ ಹೇಳಿಕೊಂಡಿರುವ ಆಧಾರ ಮೂರು. ಹುಡುಕಿದ್ದಕ್ಕೆ ಹೊಂದುತ್ತದೆಯೇ, ಎಷ್ಟು ಹತ್ತಿರವಿದೆ, ಎಷ್ಟು ಹೆಸರಾಗಿದೆ. ಇವುಗಳಲ್ಲಿ ದೂರವನ್ನು ಯಾವ ಏಜೆನ್ಸಿಯೂ ಬದಲಿಸಲಾರದು. ಹೊನ್ನಾಳಿಯಲ್ಲಿ ಕೂತು "ವಕೀಲರು" ಎಂದು ಹುಡುಕುವವರಿಗೆ ಹೊನ್ನಾಳಿಯವರೇ ಮೊದಲು ಕಾಣುತ್ತಾರೆ. ಚಳ್ಳಕೆರೆಯ ಆ ಕಿರಿಯರಿಗೆ ನಾನು ಹೇಳಿದ ಮೊದಲ ಸಮಾಧಾನ ಇದೇ. ನಿಮ್ಮ ಊರಿನಲ್ಲಿ ನೀವು ಆಗಲೇ ಹತ್ತಿರ ಇದ್ದೀರಿ, ಅದಕ್ಕೆ ತಿಂಗಳ ಬಾಡಿಗೆ ಯಾಕೆ?

36ನೇ ನಿಯಮದಲ್ಲಿ ಮ್ಯಾಪ್ ಎಂಬ ಮಾತು ಇಲ್ಲ. ನಾನು ಅದನ್ನು ಗೋಡೆಯ ಮೇಲಿನ ನಾಮಫಲಕ ಎಂದೇ ಓದಿಕೊಂಡಿದ್ದೇನೆ, ನಾಮಫಲಕದ ಮೇಲೆ ಇರಬಹುದಾದದ್ದನ್ನು ಬಿಟ್ಟು ಬೇರೇನನ್ನೂ ಹಾಕಿಲ್ಲ. ಹೆಸರಿನ ಜಾಗದಲ್ಲಿ ಬೋರ್ಡಿನ ಮೇಲಿರುವ ಹೆಸರು ಮಾತ್ರ. "ದಾವಣಗೆರೆಯ ನಂಬರ್ ಒನ್ ವಕೀಲರು" ಎಂದು ತುರುಕುವವರನ್ನು ನೋಡಿದ್ದೇನೆ. ಅದು ಪರಿಷತ್ತಿನ ನಿಯಮಕ್ಕೂ ವಿರುದ್ಧ, ಗೂಗಲ್‌ನ ನಿಯಮಕ್ಕೂ ವಿರುದ್ಧ.

ಫಲ ಕೊಡುವುದು ಸಣ್ಣ ಸಣ್ಣ ಸಂಗತಿಗಳು. ಸಮಯವನ್ನು ಎರಡು ಹೊತ್ತಾಗಿ ಹಾಕಿ. ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುಂಚಿನದು ಒಂದು, ಸಂಜೆಯದು ಒಂದು. "ಬೆಳಿಗ್ಗೆ 9ರಿಂದ ರಾತ್ರಿ 8" ಎಂದು ಒಂದೇ ಗೆರೆ ಎಳೆದರೆ ಚನ್ನಗಿರಿಯಿಂದ ಬಸ್ಸು ಹತ್ತಿ ಬಂದವರು ಮಧ್ಯಾಹ್ನ ಹನ್ನೆರಡಕ್ಕೆ ನಿಮ್ಮ ಬೀಗ ನೋಡಿಕೊಂಡು ವಾಪಸ್ ಹೋಗುತ್ತಾರೆ. ಮೊದಲನೇ ಮಹಡಿಯಲ್ಲಿ ಕಚೇರಿ ಇದ್ದರೆ ಕೆಳಗಿನ ಅಂಗಡಿಯೂ ಮೆಟ್ಟಿಲೂ ಕಾಣುವ ಫೋಟೊ ಹಾಕಿ. ಗುರುತಿನ ಪಿನ್ನನ್ನು ಬೆರಳಿನಿಂದ ಎಳೆದು ನಿಮ್ಮ ಬಾಗಿಲಿಗೇ ತಂದಿಡಿ. ಕೋರ್ಟಿನ ಸುತ್ತಮುತ್ತ ಒಂದೇ ಓಣಿಯಲ್ಲಿ ಹತ್ತಾರು ಕಚೇರಿ ಇರುವ ಕಡೆ ಅದು ಪಕ್ಕದವರ ಬಾಗಿಲಿಗೆ ಕೂತುಬಿಡುತ್ತದೆ. ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ನಮ್ಮೂರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಎರಡು ಥರ ಬರೆಯುವುದುಂಟು, ಹುಡುಕುವ ಮಕ್ಕಳು ಹೇಗಾದರೂ ಬರೆಯಬಹುದು.

ಮ್ಯಾಪಿನಲ್ಲಿ ನನಗೆ ಇರಿಸುಮುರಿಸು ತರುವುದು ನಕ್ಷತ್ರಗಳ ವಿಷಯ. ವಿಮರ್ಶೆಗಳನ್ನು ಮುಚ್ಚಿಡಲು ಗೂಗಲ್ ಬಿಡುವುದಿಲ್ಲ. ಮದ್ರಾಸಿನ ತೀರ್ಪಿನಲ್ಲಿ ಆಕ್ಷೇಪಕ್ಕೆ ಗುರಿಯಾದವುಗಳಲ್ಲಿ ವಕೀಲರಿಗೆ ಶ್ರೇಣಿ, ರೇಟಿಂಗ್ ಅಂಟಿಸುವುದೂ ಒಂದು. ಹಾಗಾಗಿ ಕಕ್ಷಿದಾರರ ಹತ್ತಿರ ನಕ್ಷತ್ರ ಕೇಳಬೇಡಿ, ದುಡ್ಡು ಕೊಟ್ಟು ಬರೆಸುವ ಮಾತಂತೂ ದೂರ. ಕೆಟ್ಟ ವಿಮರ್ಶೆ ಬಂದಾಗ ಕೈ ಉರಿಯುತ್ತದೆ, ಬಲ್ಲೆ. ಆದರೂ "ನಿಮ್ಮ ಚೆಕ್ ಕೇಸಿನಲ್ಲಿ ನೀವೇ ವಾಯಿದೆಗೆ ಬರಲಿಲ್ಲ" ಎಂದು ಉತ್ತರ ಬರೆದಿರೋ, ಕಕ್ಷಿದಾರರ ಗುಟ್ಟನ್ನು ಊರಿಗೆಲ್ಲ ಹೇಳಿದ ಹಾಗೆ. ವಕೀಲ ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಮೊದಲು ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿ ರಕ್ಷಣೆ ಇತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ರಲ್ಲಿದೆ. "ದಯವಿಟ್ಟು ಕಚೇರಿಗೆ ಫೋನ್ ಮಾಡಿ" ಎಂಬ ಒಂದು ಸಾಲು ಸಾಕು. ಬರೆದವರು ನಿಮ್ಮ ಕಕ್ಷಿದಾರರು ಹೌದೋ ಅಲ್ಲವೋ ಎಂಬುದೂ ಆ ಸಾಲಿನಿಂದ ತಿಳಿಯಬಾರದು.

ವೆಬ್‌ಸೈಟ್: ನಿಯಮವೇ ಬಾಯಿಬಿಟ್ಟು ಒಪ್ಪಿದ ದಾರಿ

2008ರಲ್ಲಿ 36ನೇ ನಿಯಮಕ್ಕೆ ಒಂದು ತಿದ್ದುಪಡಿ ಬಂತು. ವಕೀಲರು ವೆಬ್‌ಸೈಟ್ ಇಟ್ಟುಕೊಳ್ಳಬಹುದು ಎಂದಾಯಿತು. ಅದರಲ್ಲಿ ಏನಿರಬಹುದು ಎಂಬುದಕ್ಕೆ ಅನುಸೂಚಿಯೂ ಇದೆ. ಹೆಸರು, ವಿಳಾಸ, ಫೋನ್, ಇಮೇಲ್, ಸನ್ನದಿನ ಸಂಖ್ಯೆ, ದಿನಾಂಕ, ರಾಜ್ಯ ಪರಿಷತ್ತು ಮತ್ತು ಸದಸ್ಯರಾಗಿರುವ ವಕೀಲರ ಸಂಘ, ವಿದ್ಯಾರ್ಹತೆ, ಕೆಲಸ ಮಾಡುವ ಕ್ಷೇತ್ರಗಳು. ಮಾಹಿತಿ ಸತ್ಯ ಎಂಬ ಘೋಷಣೆ ಬೇಕು, ಭಾರತೀಯ ವಕೀಲರ ಪರಿಷತ್ತಿಗೆ ತಿಳಿಸಿ ಅದು ಒಪ್ಪಿದ ರೀತಿಯಲ್ಲಿರಬೇಕು. ಅದನ್ನು ದಾಟಿ ಬೇರೆ ಏನು ಸೇರಿಸಿದರೂ ಉಲ್ಲಂಘನೆ ಎಂದು ನಿಯಮವೇ ಹೇಳುತ್ತದೆ. ಬೋರ್ಡಿನ ಮೇಲೆ ಬರೆಸಲಾಗದ ಕೆಲಸದ ಕ್ಷೇತ್ರವನ್ನು ವೆಬ್‌ಸೈಟಿನಲ್ಲಿ ಬರೆಯಬಹುದು ಎಂಬುದನ್ನು ಗಮನಿಸಿ. ಮೋಟಾರು ಅಪಘಾತ ಪರಿಹಾರ, ಸಿವಿಲ್ ದಾವೆ, ಕಾರ್ಮಿಕ ಪ್ರಕರಣ ಎಂದು ಇದ್ದದ್ದನ್ನು ಇದ್ದಂತೆ ಹೇಳಲು ನಮಗೆ ಸಿಕ್ಕ ಜಾಗ ಇದು.

ಅಂದಮೇಲೆ ಅದಕ್ಕೆ ಒಂದೇ ಪುಟ ಸಾಕು. ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ. ಗೆದ್ದ ಕೇಸುಗಳ ಪಟ್ಟಿ, ಕಕ್ಷಿದಾರರ ಹೊಗಳಿಕೆ, ಸುತ್ತಿಗೆ ತಕ್ಕಡಿಯ ಚಿತ್ರ ಏನೂ ಬೇಡ. ವಿಳಾಸಕ್ಕೆ, ಅಂದರೆ ಡೊಮೇನಿಗೆ, ವರ್ಷಕ್ಕೆ ಸಾಧಾರಣವಾಗಿ ಒಂದು ಸಾವಿರದ ಆಸುಪಾಸು ಖರ್ಚು. ಪುಟ ಕಟ್ಟಿಕೊಡುವವರಿಗೆ ಒಮ್ಮೆ ಕೊಟ್ಟರೆ ಮುಗಿಯಿತು.

ಇಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ಮೊದಲ ಸಲ ಸೈಟು ಮಾಡಿಸಿದಾಗ ಡೊಮೇನನ್ನು ಮಾಡಿಕೊಟ್ಟವರೇ ತಮ್ಮ ಹೆಸರಿನಲ್ಲಿ ಕೊಂಡಿದ್ದರು. ಎರಡನೇ ವರ್ಷ ನವೀಕರಣಕ್ಕೆ ಮೂರು ಪಟ್ಟು ಕೇಳಿದರು. ನಾನು ಒಪ್ಪಲಿಲ್ಲ, ಸೈಟು ಹೋಯಿತು. ವಿಸಿಟಿಂಗ್ ಕಾರ್ಡು, ಲೆಟರ್‌ಹೆಡ್, ನೋಟಿಸಿನ ಹಾಳೆ ಎಲ್ಲದರ ಮೇಲೂ ಆ ವಿಳಾಸ ಅಚ್ಚಾಗಿತ್ತು. ಕಾಗದ ಪತ್ರ ನೋಡುವುದೇ ನನ್ನ ವೃತ್ತಿ, ಆದರೂ ಯಾರ ಹೆಸರಿನಲ್ಲಿದೆ ಎಂದು ಕೇಳಿರಲಿಲ್ಲ. ಜಮೀನಿಗೆ ಪಹಣಿ ನೋಡುವ ಹಾಗೆ ಡೊಮೇನಿಗೆ ನೋಂದಣಿಯ ಹೆಸರು ನೋಡಿ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಪಾಸ್‌ವರ್ಡ್. ಮ್ಯಾಪಿನ ಖಾತೆಗೂ ಇದೇ ಮಾತು.

ವಾಟ್ಸಾಪ್: ಇದ್ದವರಿಗೆ ಒಳ್ಳೆಯದು, ಹೊಸಬರ ವಿಷಯದಲ್ಲಿ ಎಚ್ಚರ

ವಾಟ್ಸಾಪ್ ಬಿಸಿನೆಸ್ ಆ್ಯಪ್ ಉಚಿತ. ಕೋರ್ಟಿನಲ್ಲಿರುವಾಗ ತಾನಾಗಿ ಹೋಗುವ ಉತ್ತರ ಬರೆದಿಡಬಹುದು, ಕಕ್ಷಿದಾರರನ್ನು ಬಣ್ಣದ ಗುರುತು ಹಾಕಿ ಬೇರ್ಪಡಿಸಬಹುದು. ನನ್ನ ಅನುಭವದಲ್ಲಿ ಇದರ ದೊಡ್ಡ ಪ್ರಯೋಜನ ಇರುವ ಕಕ್ಷಿದಾರರಿಗೇ. ಪ್ರತಿ ವಾಯಿದೆ ಮುಗಿದ ಸಂಜೆ ಒಂದು ಸಾಲು: ಇವತ್ತು ಏನಾಯಿತು, ಮುಂದಿನ ದಿನಾಂಕ ಯಾವುದು, ನೀವು ಬರಬೇಕೋ ಬೇಡವೋ. ಜೊತೆಗೆ ಆ ಕೇಸನ್ನು ಗುರುತಿಸುವ 16 ಅಂಕಿ ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಕೊಟ್ಟರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಅವರೇ ನೋಡಿಕೊಳ್ಳುತ್ತಾರೆ. ಮೊಳಕಾಲ್ಮುರಿನಿಂದ ದುರ್ಗಕ್ಕೆ ಸುಮ್ಮನೆ ಡೇಟು ಕೇಳಲು ಬಂದು ಹೋಗುವ ಒಂದು ದಿನದ ಕೂಲಿ ಉಳಿಸಿದ ವಕೀಲರ ಹೆಸರನ್ನು ಆ ಮನೆಯವರು ಮರೆಯುವುದಿಲ್ಲ. ಮೊದಲು ಹೇಳಿದೆನಲ್ಲ, ಬಾಯಿಮಾತು. ಅದು ಹುಟ್ಟುವುದು ಇಂಥಲ್ಲಿ.

ಊರಿನ ಗುಂಪುಗಳಿಗೆ ವಿಸಿಟಿಂಗ್ ಕಾರ್ಡಿನ ಚಿತ್ರ ಕಳಿಸುವುದು ಮಾತ್ರ ಸುತ್ತೋಲೆಯೇ. ಯುಗಾದಿ ದೀಪಾವಳಿಗೆ ನಮ್ಮ ಫೋಟೊ, ಫೋನ್ ನಂಬರ್ ಹಾಕಿದ ಶುಭಾಶಯದ ಕಾರ್ಡನ್ನು ಹಂಚುವುದನ್ನೂ ನಾನು ಅದೇ ಸಾಲಿಗೆ ಸೇರಿಸುತ್ತೇನೆ. ಕಕ್ಷಿದಾರರನ್ನೆಲ್ಲ ಒಂದೇ ಗುಂಪಿಗೆ ಸೇರಿಸುವುದಂತೂ ಕೂಡದು. ಯಾರಿಗೆ ಕೇಸಿದೆ ಎಂದು ಎಲ್ಲರಿಗೂ ತಿಳಿಯುತ್ತದೆ.

ಇನ್ನೊಂದು ಅಪಾಯವನ್ನು ಮಾರ್ಕೆಟಿಂಗ್‌ನವರು ಯಾರೂ ಹೇಳುವುದಿಲ್ಲ, ಯಾಕೆಂದರೆ ಅದು ವಕೀಲಿಕೆಗೆ ಮಾತ್ರ ಇರುವಂಥದ್ದು. ಒಂದು ರಾತ್ರಿ ಅಪರಿಚಿತ ನಂಬರಿನಿಂದ ಉದ್ದ ಸಂದೇಶ ಬಂತು. ಅಪ್ಪನ ಉಯಿಲು, ಸರ್ವೆ ನಂಬರು, ತಮ್ಮನ ಮೇಲಿನ ಸಿಟ್ಟು, ಎಲ್ಲ ಇತ್ತು. ಓದಿದೆ. ಮರುದಿನ ಬೆಳಿಗ್ಗೆ ಕಚೇರಿಗೆ ಬಂದು ಕೂತಿದ್ದವರು ಆ ತಮ್ಮ. ಇಬ್ಬರೂ ಒಂದೇ ಊರಿನವರು, ಇಬ್ಬರಿಗೂ ನನ್ನ ಹೆಸರು ಹೇಳಿದವರು ಒಬ್ಬರೇ. ಒಬ್ಬರಿಗೆ ದಾವೆಯ ವಿಷಯದಲ್ಲಿ ಸಲಹೆ ಕೊಟ್ಟ ವಕೀಲರು ಎದುರು ಪಕ್ಷಕ್ಕೆ ನಿಲ್ಲುವಂತಿಲ್ಲ ಎನ್ನುತ್ತದೆ 33ನೇ ನಿಯಮ. ನಾನು ಸಲಹೆ ಕೊಟ್ಟಿರಲಿಲ್ಲ, ಆದರೆ ಗುಟ್ಟು ತಿಳಿದಾಗಿತ್ತು. ಇಬ್ಬರನ್ನೂ ಬೇರೆಯವರ ಹತ್ತಿರ ಕಳಿಸಿದೆ. ಬೆಂಗಳೂರಿನಲ್ಲಿ ಇದು ಅಪರೂಪವಿರಬಹುದು, ಎರಡು ಮೂರು ತಾಲ್ಲೂಕಿನ ಜನ ಒಂದೇ ಕೋರ್ಟಿಗೆ ಬರುವ ನಮ್ಮಲ್ಲಿ ಅಲ್ಲ. ಅಂದಿನಿಂದ ತಾನಾಗಿ ಹೋಗುವ ಉತ್ತರವನ್ನು ಬದಲಿಸಿದ್ದೇನೆ: "ನಿಮ್ಮ ಹೆಸರು, ಊರು, ಎದುರು ಪಕ್ಷದವರ ಹೆಸರು ಮಾತ್ರ ಕಳಿಸಿ. ಕೇಸಿನ ವಿವರ, ಕಾಗದ ಪತ್ರ ಈಗ ಕಳಿಸಬೇಡಿ." ವೆಬ್‌ಸೈಟಿನಲ್ಲಿ "ನಿಮ್ಮ ಸಮಸ್ಯೆ ಬರೆಯಿರಿ" ಎಂಬ ದೊಡ್ಡ ಖಾನೆ ಇಡಬೇಡಿ ಎನ್ನುವುದೂ ಇದೇ ಕಾರಣಕ್ಕೆ.

ಯೂಟ್ಯೂಬ್, ಫೇಸ್‌ಬುಕ್ ಮಾತುಗಾರಿಕೆ

ಕಾನೂನು ತಿಳಿಸುವ ವಿಡಿಯೊ ಮಾಡಬಾರದೆಂದಿಲ್ಲ. ಜಾಹೀರಾತಿನ ನಿಯಮಕ್ಕೆ ಒಳಪಟ್ಟು ಪ್ರಸಾರ, ಪತ್ರಿಕೋದ್ಯಮ, ಉಪನ್ಯಾಸಗಳಲ್ಲಿ ತೊಡಗಬಹುದು ಎಂದು 51ನೇ ನಿಯಮ ಹೇಳುತ್ತದೆ. ಚೆಕ್ ವಾಪಸಾದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ, ಅದೂ ಮೀರಿದರೆ ಒಂದು ತಿಂಗಳೊಳಗೆ ದೂರು. ಇಷ್ಟು ಗೊತ್ತಿಲ್ಲದೆ ಹಣ ಕಳೆದುಕೊಂಡ ಸಣ್ಣ ವ್ಯಾಪಾರಿಗಳು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಇದನ್ನು ಒಳ್ಳೆಯ ಕನ್ನಡದಲ್ಲಿ ಹೇಳುವುದು ಪುಣ್ಯದ ಕೆಲಸ. ಕೊನೆಯಲ್ಲಿ "ನನಗೆ ಫೋನ್ ಮಾಡಿ" ಎಂದಿರೋ, ಅಲ್ಲಿಗೆ ಅದು ಜಾಹೀರಾತು.

ಕೇಸು ಬರುವ ದಾರಿಯಾಗಿ ಮಾತ್ರ ಇದನ್ನು ನಾನು ಕೆಳಗೆ ಇಡುತ್ತೇನೆ. ವಿಡಿಯೊ ನೋಡುವವರು ಬೀದರ್‌ನಲ್ಲೂ ಇರುತ್ತಾರೆ, ಮಡಿಕೇರಿಯಲ್ಲೂ ಇರುತ್ತಾರೆ. ವಕಾಲತ್ತು ಹಾಕುವುದು ಹರಿಹರದ ಕೋರ್ಟಿನಲ್ಲಿ. ಹತ್ತು ನಿಮಿಷದ ವಿಡಿಯೊಗೆ ಓದಿ, ಮಾತಾಡಿ, ಕತ್ತರಿಸಿ ಒಂದು ಭಾನುವಾರ ಪೂರ್ತಿ ಹೋಗುತ್ತದೆ. ಕೆಳಗೆ ಬರುವ ಪ್ರಶ್ನೆಗಳಿಗೆ ಕಾಗದ ನೋಡದೆ ಉತ್ತರ ಕೊಡುವುದೂ ಅಪಾಯ, ಕೊಡದಿರುವುದೂ ಬೇಸರ. ಕಲಿಸುವ ಆಸೆ ನಿಜವಾಗಿ ಇದ್ದರೆ ಮಾಡಿ. ಬಾಡಿಗೆ ಕಟ್ಟುವ ಅವಸರಕ್ಕೆ ಇದು ಆಗಿಬರುವುದಿಲ್ಲ.

ದುಡ್ಡು ಕೊಟ್ಟು ತರಿಸುವುದು

ಗೂಗಲ್‌ನಲ್ಲಿ ಕ್ಲಿಕ್ಕಿಗಿಷ್ಟು ಎಂದು ಕೊಡುವ ಜಾಹೀರಾತು, ಫೇಸ್‌ಬುಕ್ ಪೋಸ್ಟನ್ನು ಹಣ ಕೊಟ್ಟು ಹರಡುವುದು, ಹಣ ಕಟ್ಟಿಸಿಕೊಂಡು ಹೆಸರು ಮೇಲೆ ತರುವ ಡೈರೆಕ್ಟರಿ: ಮೂರಕ್ಕೂ ನನ್ನ ಉತ್ತರ ಬೇಡ. ಕೇಸು ಕಳಿಸಿ ಫೀಸಿನಲ್ಲಿ ಪಾಲು ಕೇಳುವ ತಾಣಗಳು ಇನ್ನೂ ಕೆಟ್ಟವು. ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳುವುದನ್ನು ನಿಯಮ ಬೇರೆಯಾಗಿಯೇ ನಿಷೇಧಿಸಿದೆ. ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ ದಲ್ಲಾಳಿ ಲೈಸೆನ್ಸ್ ಇಟ್ಟುಕೊಂಡು ದುಡಿಯುತ್ತಾನೆ. ಕೋರ್ಟಿನ ದಲ್ಲಾಳಿಗಾದರೆ 2023ರ ತಿದ್ದುಪಡಿ ವಕೀಲರ ಕಾಯ್ದೆಗೆ 45-ಎ ಕಲಮು ಸೇರಿಸಿ ಮೂರು ತಿಂಗಳವರೆಗೆ ಸೆರೆವಾಸ ಇಟ್ಟಿದೆ.

ಏಜೆನ್ಸಿಯ "ಮೊದಲ ಸ್ಥಾನ ಗ್ಯಾರಂಟಿ" ಮಾತಿಗೆ ಬರುವುದಾದರೆ, ಹಾಗೆ ಯಾರೂ ಭರವಸೆ ಕೊಡಲಾಗದು ಎಂದು ಗೂಗಲ್ಲೇ ಹೇಳುತ್ತದೆ. ಏಜೆನ್ಸಿಯವರು ನಿಮ್ಮ ಹೆಸರಿನಲ್ಲಿ ಏನು ಬರೆದರೂ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾದವರು ನೀವು.

ಯಾರಿಗೆ ಯಾವುದು

ಒಬ್ಬರೇ ಇರುವ ಹೊಸ ಕಚೇರಿ, ತಾಲ್ಲೂಕು ಊರಿನಲ್ಲಿ: ಮ್ಯಾಪ್ ಮತ್ತು ವಾಟ್ಸಾಪ್. ಖರ್ಚು ಸೊನ್ನೆ, ಒಂದು ಭಾನುವಾರದ ಕೆಲಸ. ವೆಬ್‌ಸೈಟ್ ಮುಂದಿನ ವರ್ಷಕ್ಕೆ ಇರಲಿ.

ಜಿಲ್ಲಾ ಕೇಂದ್ರದಲ್ಲಿ ಇಬ್ಬರು ಮೂವರು ಸೇರಿ ನಡೆಸುವ ಕಚೇರಿಯಾದರೆ ಒಂದು ಪುಟದ ವೆಬ್‌ಸೈಟನ್ನೂ ಸೇರಿಸಿ. ಅಪಘಾತ ಪರಿಹಾರದ ಕೇಸು ನಡೆಸುವವರಿಗೆ ಇದು ಹೆಚ್ಚು ಮುಖ್ಯ. ದಾವಣಗೆರೆ, ಚಿತ್ರದುರ್ಗ, ಹಿರಿಯೂರು ದಾಟಿ ಹೋಗುವ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಯಗೊಂಡವರು ಎಷ್ಟೋ ಸಲ ಬೇರೆ ಜಿಲ್ಲೆಯವರು, ಅವರಿಗೆ ಇಲ್ಲಿ ಹೆಸರು ಹೇಳುವ ಅಳಿಯನೂ ಇಲ್ಲ, ಸಾಹುಕಾರರೂ ಇಲ್ಲ. ದೂರದಲ್ಲಿ ಕೂತು ಹುಡುಕುವ ಅವರಿಗೆ ಸನ್ನದಿನ ಸಂಖ್ಯೆ, ವಕೀಲರ ಸಂಘದ ಹೆಸರು ಕಾಣುವ ಪುಟ ಧೈರ್ಯ ಕೊಡುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಸುಳಿದಾಡುವ ದಲ್ಲಾಳಿಯ ಕೈಗೆ ಆ ಮನೆಯವರು ಸಿಗದಿರಲಿ ಎಂಬ ಆಸೆಯೂ ನನಗಿದೆ. ಬರೇ ಹಳ್ಳಿಯ ಪಾಲು, ಪಹಣಿ ತಕರಾರು ನೋಡುವವರಿಗೆ ವೆಬ್‌ಸೈಟಿನಿಂದ ಅಷ್ಟು ಬೇಗ ಫಲ ಕಾಣದು. ಅವರು ಅದೇ ಸಮಯವನ್ನು ಸಂಜೆಯ ವಾಯಿದೆ ಸಂದೇಶಕ್ಕೆ ಕೊಡಲಿ.

ಫೀಸು ಕೊಡಲಾಗದವರೂ ಇವೇ ದಾರಿಗಳಲ್ಲಿ ಬರುತ್ತಾರೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ, ಸಹಾಯವಾಣಿ 15100. ಈ ಸಂಖ್ಯೆಯನ್ನು ವಾಟ್ಸಾಪಿನ ಸಿದ್ಧ ಉತ್ತರಗಳಲ್ಲಿ ಇಟ್ಟುಕೊಂಡಿದ್ದೇನೆ.

ಚಳ್ಳಕೆರೆಯ ಆ ಕಿರಿಯರು ಎಂಟು ಸಾವಿರ ಕೊಡಲಿಲ್ಲ. ಕಳೆದ ಭಾನುವಾರ ಮ್ಯಾಪಿನಲ್ಲಿ ಕಚೇರಿ ಸೇರಿಸಿ ನನಗೆ ಲಿಂಕ್ ಕಳಿಸಿದರು. ಪಿನ್ನು ಎದುರುಗಡೆಯ ಜೆರಾಕ್ಸ್ ಅಂಗಡಿಯ ಮೇಲೆ ಕೂತಿತ್ತು. ಫೋನಿನಲ್ಲೇ ಹೇಳಿಕೊಟ್ಟು ಅವರ ಬಾಗಿಲಿಗೆ ಎಳೆಸಿದೆ.